ಜ್ವರದ ಪಟ್ಟಿ

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಶಾಲೆಯ ಮಕ್ಕಳೂ ಹೇಳುತ್ತಾರೆ. ಮನೆಯವರು ಎದುರಿಗೇ ಹೇಳುತ್ತಾರೆ, ಮಕ್ಕಳು ನಾನು ಬೋರ್ಡಿನ ಕಡೆ ತಿರುಗಿದ ಮೇಲೆ. ಇಪ್ಪತ್ತಮೂರು ವರ್ಷ ಐದನೆಯ ತರಗತಿಗೆ ಪಾಠ ಮಾಡಿದವಳಿಗೆ ಅಷ್ಟಾದರೂ ಕೋಪ ಬೇಡವೇ ಎಂದು ನಾನು ವಾದಿಸುವುದುಂಟು. ಆದರೆ ಈಗ ಹೇಳಹೊರಟಿರುವ ವರ್ಷದ ಕೋಪಕ್ಕೆ ಒಂದು ಅವಮಾನ ಕಾರಣವಾಗಿತ್ತು, ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ವಲಯದ ಪ್ರಾಥಮಿಕ ಶಾಲೆಗಳಿಗೆಲ್ಲ ವರ್ಷಕ್ಕೆ ಎರಡು ಸಲ ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆ ನಡೆಯುತ್ತದೆ. ಐದನೆಯ ತರಗತಿಯ ಮಕ್ಕಳು ಒಂದು ಗಂಟೆಯಲ್ಲಿ ನಲವತ್ತು ಪ್ರಶ್ನೆಗಳಿಗೆ ಉತ್ತರಿಸಬೇಕು. ಬರೆಯುವುದೇನೂ ಇಲ್ಲ. ಒಎಂಆರ್ ಹಾಳೆಯಲ್ಲಿ ಒಂದೊಂದು ಪ್ರಶ್ನೆಗೂ ನಾಲ್ಕು ಸಣ್ಣ ಗುಂಡುಗಳಿರುತ್ತವೆ, ಸರಿಯಾದುದನ್ನು ನೀಲಿ ಪೆನ್ನಿನಿಂದ ತುಂಬಬೇಕು. ಯಂತ್ರ ಅದನ್ನು ಓದಿ ಶಾಲೆಯ ಸರಾಸರಿ ತೆಗೆಯುತ್ತದೆ. ಆಮೇಲೆ ಶಿಕ್ಷಕರ ಸಭೆ ಕರೆದು ಎಲ್ಲ ಶಾಲೆಗಳ ಪಟ್ಟಿಯನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ. ಮೇಲಿನವು ಹಸಿರು, ಕೆಳಗಿನವು ಕೆಂಪು.

ಆ ವರ್ಷ ಶಾಲೆ ಶುರುವಾಗುವ ಮೊದಲು ನಡೆದ ಸಭೆಯಲ್ಲಿ ನಮ್ಮ ಶಾಲೆ ಕೆಂಪಿನಲ್ಲಿತ್ತು, ಕೊನೆಯಿಂದ ಎರಡನೆಯದು. ಅಧಿಕಾರಿ ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು, ಮಾತು ಬಹಳ ನಯ. "ಕೆಳಗಿನ ಮೂರು ಶಾಲೆಯ ಟೀಚರ್ಸ್ ಸ್ವಲ್ಪ ಎದ್ದು ನಿಲ್ಲಿ. ಎಲ್ಲರೂ ನೋಡ್ಲಿ. ಇದು ಶಿಕ್ಷೆ ಎಂತದ್ದೂ ಅಲ್ಲ, ಒಂದು ಮೋಟಿವೇಶನ್ ಅಷ್ಟೇ" ಎಂದರು. ನಾನು ಎದ್ದು ನಿಂತೆ. ಕುಳಿತುಕೊಳ್ಳಿ ಎಂದು ಹೇಳುವುದನ್ನು ಅವರು ಮರೆತರೋ, ಬೇಕೆಂದೇ ಹೇಳಲಿಲ್ಲವೋ, ಪರದೆಯ ಮೇಲಿನ ಎಲ್ಲ ಚಿತ್ರಗಳು ಮುಗಿಯುವ ತನಕ ನಾವು ಮೂವರೂ ನಿಂತೇ ಇದ್ದೆವು. ಪಕ್ಕದ ಕುರ್ಚಿಯಲ್ಲಿದ್ದ ನನ್ನ ಹಳೆಯ ಗೆಳತಿ ತಲೆ ತಗ್ಗಿಸಿ ಮೊಬೈಲ್ ನೋಡುತ್ತ ಕುಳಿತಳು. ನನ್ನ ಬಲಮಂಡಿ ನಡುಗುತ್ತಿತ್ತು, ಅದು ಸೀರೆಯ ನೆರಿಗೆಯಲ್ಲಿ ಕಾಣಿಸುತ್ತದೆಯೇ ಎಂಬುದೇ ನನಗೆ ಚಿಂತೆ.

ಸಭೆ ಮುಗಿಸಿ ನಾನು ಬಜಪೆಯ ನಮ್ಮ ಮನೆಗೆ ಹತ್ತಿದ ಬಸ್ಸು ಮಂಗಳೂರಿನ ನಂತೂರು ಸರ್ಕಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿತು. ಎದುರಿಗೊಂದು ಟ್ಯಾಂಕರ್, ಹಿಂದೆ ಸಾಲು ಲಾರಿಗಳು, ಎಲ್ಲರದ್ದೂ ಹಾರ್ನ್. ಅಷ್ಟು ಗಲಾಟೆಯಲ್ಲೂ ನನಗೆ ಕೇಳುತ್ತಿದ್ದದ್ದು "ಎಲ್ಲರೂ ನೋಡ್ಲಿ" ಎಂಬ ಒಂದೇ ಮಾತು. "ನನ ಉಂತುಜಿ" ಎಂದು ತುಳುವಿನಲ್ಲಿ ಬಾಯಿಬಿಟ್ಟೇ ಹೇಳಿದೆ, ಇನ್ನು ನಾನು ನಿಲ್ಲುವುದಿಲ್ಲ ಎಂದು. ಎದುರು ಸೀಟಿನ ಹೆಂಗಸು ತಿರುಗಿ ನೋಡಿದಳು. ನಾನು ಮುಖ ಕಿಟಕಿಯ ಕಡೆ ಮಾಡಿದೆ.

ನಮ್ಮದು ಕೊಡಿಯಾಲ್‌ಬೈಲಿನ ಒಂದು ಒಳದಾರಿಯಲ್ಲಿರುವ ಅನುದಾನಿತ ಕನ್ನಡ ಮಾಧ್ಯಮ ಶಾಲೆ. ಮೂರು ಕಡೆ ಅಪಾರ್ಟ್‌ಮೆಂಟುಗಳು, ಒಂದು ಕಡೆ ಕಾಲೇಜಿನ ಹಾಸ್ಟೆಲ್. ಅಪಾರ್ಟ್‌ಮೆಂಟಿನ ಮಕ್ಕಳು ಬೆಳಿಗ್ಗೆ ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಶಾಲೆಗಳಿಗೆ ಹೋಗುತ್ತಾರೆ. ಅದೇ ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆಯುವವರ, ಕಾವಲು ಕಾಯುವವರ, ಇನ್ನೂ ಮೇಲೇಳುತ್ತಿರುವ ಕಟ್ಟಡಗಳಿಗೆ ಕಲ್ಲು ಹೊರುವವರ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಆ ಜೂನ್‌ನಲ್ಲಿ ನನ್ನ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳಿದ್ದರು. ಮನೆಯಲ್ಲಿ ಅವರಾಡುವ ಭಾಷೆಗಳು ಐದೋ ಆರೋ ಇದ್ದವು.

ಮೊದಲ ವಾರದಲ್ಲೇ ಅಭ್ಯಾಸ ಶುರು ಮಾಡಿದೆ. ಒಎಂಆರ್ ಹಾಳೆಯನ್ನು ಜೆರಾಕ್ಸ್ ಮಾಡಿಸಿ ದಿನಕ್ಕೊಂದು ಪರೀಕ್ಷೆ ಕೊಟ್ಟೆ. ಮೊಬೈಲಿನಲ್ಲಿ ಗಂಟೆ ಇಟ್ಟು, ಸ್ಕೇಲಿನಿಂದ ಮೇಜು ಕುಟ್ಟಿ, "ಹತ್ತು ನಿಮಿಷ ಆಯ್ತು, ಹತ್ತು ಗುಂಡು ಆಗ್ಬೇಕು" ಎಂದು ಕೂಗುತ್ತಿದ್ದೆ. ಉತ್ತರ ಗೊತ್ತಿಲ್ಲದಿದ್ದರೆ ಎರಡನೆಯ ಗುಂಡು ತುಂಬಿಬಿಡಿ ಎಂದು ನಾನೇ ಹೇಳಿಕೊಟ್ಟೆ. ಕತೆ, ಹಾಡು, ಅಂಗಳದಲ್ಲಿ ಎಲೆ ಹೆಕ್ಕಿ ಗುಂಪು ಮಾಡುವ ಲೆಕ್ಕ, ಎಲ್ಲ ಬಿಟ್ಟೆ. ಮಕ್ಕಳು ಮೊದಮೊದಲು ಇದೊಂದು ಆಟ ಎಂದು ತಿಳಿದರು. ಜುಲೈ ಹೊತ್ತಿಗೆ ನಾನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ತರಗತಿಯ ಸದ್ದಡಗುತ್ತಿತ್ತು.

ಒಂದು ದಿನ ಸರಾಸರಿ ತೀರಾ ಕೆಳಗಿಳಿದಾಗ ಮಕ್ಕಳ ಮುಂದೆ ಆಡಬಾರದ್ದನ್ನು ಆಡಿಬಿಟ್ಟೆ. "ನಿಮ್ಮ ಅಣ್ಣ ಅಕ್ಕಂದಿರು ಹೀಗೇ ಮಾಡಿ ನನ್ನನ್ನು ಅಷ್ಟು ಜನರ ಎದುರು ನಿಲ್ಲಿಸಿದ್ರು, ಗೊತ್ತುಂಟಾ? ಅರ್ಧ ಗಂಟೆ ನಿಂತಿದ್ದೇನೆ ನಾನು. ಈ ಸಲ ನೀವೂ ನಿಲ್ಲಿಸ್ತೀರಾ?" ಎಂದೆ. ಹತ್ತೊಂಬತ್ತು ಮಕ್ಕಳೂ ತಲೆಯೆತ್ತಿ ನನ್ನನ್ನೇ ನೋಡಿದರು. ಟೀಚರನ್ನು ಕೂಡ ಯಾರಾದರೂ ನಿಲ್ಲಿಸುತ್ತಾರೆ ಎಂಬುದು ಅವರಿಗೆ ಹೊಸ ಸುದ್ದಿ.

ಅವರಲ್ಲಿ ಒಬ್ಬಳು ಮೂರನೆಯ ಸಾಲಿನ ಕಿಟಕಿಯ ಪಕ್ಕ ಕೂರುತ್ತಿದ್ದಳು. ಹತ್ತು ವರ್ಷ, ಎರಡು ಬಿಗಿ ಜಡೆ, ಮೊಣಕೈ ತನಕ ಬಳೆ. ಉತ್ತರ ಕರ್ನಾಟಕದ ಕಡೆಯವಳು. ತಂದೆ ಕಟ್ಟಡದ ಕೆಲಸದ ಹಿಂದೆ ಊರೂರು ಸುತ್ತಿದ್ದರಿಂದ ಮೂರು ಶಾಲೆ ಬದಲಾಯಿಸಿ ಮೂರನೆಯ ತರಗತಿಯ ನಡುವಿನಲ್ಲಿ ನಮ್ಮಲ್ಲಿಗೆ ಬಂದಿದ್ದಳು. ತಾಯಿ ಹಿಂದಿನ ಅಪಾರ್ಟ್‌ಮೆಂಟಿನ ಎರಡು ಮನೆಗಳಲ್ಲಿ ಕೆಲಸ ಮಾಡುತ್ತಿದ್ದಳು. ಇವಳು ಮಂಗಳೂರಿನ ಮಾತನ್ನೂ ತನ್ನ ಊರಿನ ಮಾತನ್ನೂ ಸೇರಿಸಿ "ಇದು ಎಂತ ಐತ್ರೀ ಟೀಚರ್?" ಎಂದು ಕೇಳಿದರೆ ತರಗತಿಯೆಲ್ಲ ಕಿಸಕ್ಕೆನ್ನುತ್ತಿತ್ತು. ಅವಳೂ ಜೊತೆಗೆ ನಗುತ್ತಿದ್ದಳು.

ಅವಳು ದಡ್ಡಿಯೇನೂ ಅಲ್ಲ. ಬಾಯಿಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ. ಓದು ಮಾತ್ರ ನಿಧಾನ. ಒಂದೊಂದು ಶಬ್ದದ ಕೆಳಗೂ ಬೆರಳಿಟ್ಟು, ತುಟಿಯಲ್ಲಾಡಿಸಿ, ಅರ್ಥವಾದ ಮೇಲೆಯೇ ಬೆರಳು ಮುಂದಕ್ಕೆ ಸರಿಯುತ್ತಿತ್ತು. ಪ್ರಶ್ನೆಯೊಂದು ಖಾತ್ರಿಯಾಗದೆ ಗುಂಡಿಗೆ ಪೆನ್ನು ತಾಗಿಸುವವಳಲ್ಲ. ಗೊತ್ತಿಲ್ಲದಿದ್ದರೆ ಎರಡನೆಯದು ತುಂಬು ಎಂದರೆ "ಅದು ಸುಳ್ಳಾದ್ರ ಏನ್ ಮಾಡೂದ್ರೀ?" ಎನ್ನುತ್ತಿದ್ದಳು. ಬಸ್ಸಿನಲ್ಲಿ ನಲವತ್ತೆಂಟು ಜನ ಇದ್ದರು, ನಂತೂರಿನಲ್ಲಿ ಅರ್ಧ ಜನ ಇಳಿದರು, ಉಳಿದವರೆಷ್ಟು ಎಂದು ನಾನೊಂದು ಲೆಕ್ಕ ಕೊಟ್ಟಿದ್ದೆ. ಎಲ್ಲರೂ ಗುಂಡು ತುಂಬಿ ಮುಂದೆ ಹೋದರೆ ಇವಳು ಕೈಯೆತ್ತಿ, "ನಂತೂರಾಗ ಅಷ್ಟು ಮಂದಿ ಇಳಿಯಂಗಿಲ್ರೀ ಟೀಚರ್. ಅಲ್ಲಿ ಹತ್ತತಾರ" ಎಂದಳು. ಬೇರೆ ವರ್ಷವಾಗಿದ್ದರೆ ನಾನು ಆ ಮಾತನ್ನು ಇಡೀ ಸ್ಟಾಫ್ ರೂಮಿಗೆ ಹೇಳಿ ನಗುತ್ತಿದ್ದೆ. ಆ ದಿನ ಗಡಿಯಾರ ನೋಡಿ, "ನೀನು ಮುಗಿಸುವಾಗ ನನಗೆ ರಿಟೈರ್‌ಮೆಂಟ್ ಆಗ್ತದೆ ಮಾರಾಯ್ತಿ, ಕೂತ್ಕೋ" ಎಂದೆ. ಒಂದು ಗಂಟೆಯಲ್ಲಿ ಅವಳು ಹದಿನಾಲ್ಕು ಪ್ರಶ್ನೆ ಮುಗಿಸುತ್ತಿದ್ದಳು, ತಪ್ಪಿದರೆ ಹದಿನೈದು. ಹದಿನಾಲ್ಕೂ ಸರಿಯಾಗಿರುತ್ತಿದ್ದವು. ಉಳಿದ ಇಪ್ಪತ್ತಾರು ಖಾಲಿ.

ನಾನೂ ಒಂದನೆಯ ತರಗತಿಗೆ ಹೋದಾಗ ತುಳು ಬಿಟ್ಟು ಇನ್ನೊಂದು ಮಾತು ಗೊತ್ತಿರಲಿಲ್ಲ. ಗದ್ದೆ ಬೇಸಾಯದ ಮನೆ, ಮನೆಯಲ್ಲಿ ಪುಸ್ತಕ ಎಂದರೆ ಪಂಚಾಂಗ. ಕನ್ನಡ ನನಗೆ ಪುಸ್ತಕದಲ್ಲಿ ಸಿಕ್ಕ ಭಾಷೆ, ಅದನ್ನು ಬೆರಳಿಟ್ಟೇ ಓದಿ ಕಲಿತದ್ದು. ಇದೆಲ್ಲ ನನಗೆ ನೆನಪಿತ್ತು. ನೆನಪಿದ್ದೂ ಅವಳ ಬೆರಳು ಕಂಡರೆ ಮೈ ಉರಿಯುತ್ತಿತ್ತು.

ಇನ್ನು ಜ್ವರದ ಪಟ್ಟಿಯ ವಿಷಯ. ಇದನ್ನು ನಾನು ಕಂಡುಹಿಡಿದದ್ದಲ್ಲ. ನಮ್ಮ ವಲಯದ ಶಾಲೆಗಳಲ್ಲಿ ಇದು ಎಷ್ಟು ವರ್ಷಗಳಿಂದ ನಡೆದು ಬಂದಿದೆಯೋ, ಯಾರು ಶುರು ಮಾಡಿದರೋ ಗೊತ್ತಿಲ್ಲ. ಸರಾಸರಿ ತೆಗೆಯುವುದು ಪರೀಕ್ಷೆಯ ದಿನ ಹಾಜರಿದ್ದ ಮಕ್ಕಳದ್ದು ಮಾತ್ರ. ಹಾಗಾಗಿ ಹಿಂದೆ ಬಿದ್ದ ಮಕ್ಕಳಿಗೆ ಆ ದಿನ ಜ್ವರ ಬರುತ್ತದೆ. ಎರಡು ದಿನ ಮೊದಲು ಟೀಚರ್ ಒಂದು ಚೀಟಿಯಲ್ಲಿ ಮೂರು ನಾಲ್ಕು ಹೆಸರು ಬರೆದು ಚಾಕ್‌ಪೀಸಿನ ಡಬ್ಬಿಯಲ್ಲಿ ಹಾಕಿಡುತ್ತಾರೆ. ಹೆಡ್‌ಮಾಸ್ಟ್ರು ಅದನ್ನು ನೋಡಿಯೂ ನೋಡದವರ ಹಾಗೆ ಇರುತ್ತಾರೆ. ಆ ಮಕ್ಕಳ ಮನೆಗೆ ಒಂದು ಫೋನು ಹೋಗುತ್ತದೆ. ಬೇರೆ ಶಾಲೆಯವರು ಇದನ್ನು ಮಾಡಿದಾಗ ನಾನು ಹೊಟ್ಟೆ ತುಂಬ ಗೇಲಿ ಮಾಡಿದ್ದೇನೆ. "ನಿಮ್ಮಲ್ಲಿ ಈ ಸಲ ಎಷ್ಟು ಜನರಿಗೆ ಜ್ವರ?" ಎಂದು ಸಭೆಯಲ್ಲೇ ಕೇಳಿದವಳು ನಾನು.

ಸೆಪ್ಟೆಂಬರಿನ ಪರೀಕ್ಷೆಗೆ ಎರಡು ದಿನ ಇರುವಾಗ ಹೆಡ್‌ಮಾಸ್ಟ್ರು ನನ್ನ ತರಗತಿಯ ಬಾಗಿಲಿಗೆ ಬಂದರು. ಅವರು ಹಳೆಯ ಗುತ್ತಿನ ಮನೆಯವರು, ಹಿಂದೆ ಊರಿಗೇ ಯಜಮಾನಿಕೆ ಇದ್ದ ಮನೆತನ. ಅಣ್ಣತಮ್ಮಂದಿರು ಹೋಟೆಲು ಇಟ್ಟು ದೊಡ್ಡವರಾದರೂ ಇವರು ಬಿಳಿ ಅಂಗಿ ಹಾಕಿ ಶಾಲೆಗೇ ಅಂಟಿಕೊಂಡವರು. ಬರುವ ಮಾರ್ಚಿಗೆ ನಿವೃತ್ತಿ. ಯಾರಿಗೂ ಗದರಿದ್ದನ್ನು ನಾನು ಕಂಡಿಲ್ಲ. "ಟೀಚರ್, ಏತ್ ಜನ?" ಎಂದು ಮೆಲ್ಲಗೆ ಕೇಳಿದರು. ಎಷ್ಟು ಜನ ಎಂದಷ್ಟೇ. ಯಾವುದಕ್ಕೆ ಎಂದು ನಾನೂ ಕೇಳಲಿಲ್ಲ. ನಾಲ್ಕು ಬೆರಳು ತೋರಿಸಿದೆ. ಅವರು ತಲೆಯಾಡಿಸಿ ಹೋದರು.

ನಾಲ್ಕನೆಯ ಹೆಸರು ಅವಳದ್ದು. ಅದನ್ನು ಬರೆಯುವಾಗ ನನ್ನ ಕೈ ತಡೆದದ್ದು ನಿಜ. ಹದಿನಾಲ್ಕು ಸರಿ ಉತ್ತರ ಅಷ್ಟೇನೂ ಕೆಟ್ಟದ್ದಲ್ಲ ಎಂದು ಒಂದು ಮನಸ್ಸು ಹೇಳಿತು. ನಲವತ್ತಕ್ಕೆ ಹದಿನಾಲ್ಕು ಎಂದು ಇನ್ನೊಂದು ಮನಸ್ಸು ಭಾಗಿಸಿ ಗುಣಿಸಿ ನೋಡಿತು. ಪರದೆ ನೆನಪಾಯಿತು, ಮಂಡಿ ನೆನಪಾಯಿತು. ಬರೆದು, ಮಡಚಿ, ಡಬ್ಬಿಗೆ ಹಾಕಿದೆ.

ಮೂರು ಮನೆಯವರಿಗೆ ಫೋನಿನಲ್ಲೇ ಅರ್ಥವಾಯಿತು. ಬೇರೆ ಶಾಲೆಗಳಲ್ಲಿ ಓದಿದ ಅವರ ದೊಡ್ಡ ಮಕ್ಕಳಿಗೂ ಹಿಂದೆ ಇದೇ ಜ್ವರ ಬಂದಿತ್ತು. ಒಬ್ಬ ತಂದೆಯಂತೂ "ಆಯ್ತು ಟೀಚರ್, ಜ್ವರ ಅಲ್ವಾ? ಬರ್ತದೆ ಬರ್ತದೆ" ಎಂದು ನಕ್ಕರು. ಅವಳ ತಾಯಿಯ ಫೋನು ಮಾತ್ರ ಸಿಗಲಿಲ್ಲ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಆಕೆ ಒಂದು ಮನೆಯ ಕೆಲಸ ಮುಗಿಸಿ ಇನ್ನೊಂದು ಮನೆಗೆ ಹೋಗುವಾಗ ಗೇಟಿನ ಹತ್ತಿರ ನಿಲ್ಲಿಸಿದೆ. "ನಿಮ್ಮ ಮಗಳಿಗೆ ಸ್ವಲ್ಪ ಜ್ವರ ಇದ್ದ ಹಾಗೆ ಉಂಟು. ನಾಳೆ ಒಂದು ದಿನ ಮನೆಯಲ್ಲೇ ಇರ್ಲಿ" ಎಂದೆ.

ಆಕೆಗೆ ಪದ್ಧತಿ ಗೊತ್ತಿರಲಿಲ್ಲ. ಆಕೆಯ ಮುಖ ಬಿಳಚಿಕೊಂಡಿತು. "ಜ್ವರ ಐತೇನ್ರೀ? ಅಯ್ಯೋ ನಮ್ಮವ್ವ, ಮುಂಜಾನೆ ತಲಿ ಬಾಚುವಾಗ ಮೈ ತಣ್ಣಗ ಇತ್ತಲ್ರೀ. ನನಗ ಗೊತ್ತೇ ಆಗಲಿಲ್ಲ ನೋಡ್ರಿ" ಎಂದಳು. ಆ ತಿಂಗಳು ಊರೆಲ್ಲ ಡೆಂಗಿಯ ಸುದ್ದಿ. ಅವರು ವಾಸವಿದ್ದ ಶೆಡ್ಡುಗಳ ಸಾಲಿನಲ್ಲೇ ಒಂದು ಮಗುವನ್ನು ಆಸ್ಪತ್ರೆಗೆ ಸೇರಿಸಿದ್ದರಂತೆ. ಏನೂ ಆಗುವುದಿಲ್ಲ, ಹೆದರಬೇಡಿ ಎಂದು ನಾನು ಹೇಳಿದೆ. ನಿಜ ಹೇಳಲಿಲ್ಲ. ಗಂಟೆ ಹೊಡೆಯಿತು, ಒಳಗೆ ಬಂದುಬಿಟ್ಟೆ.

ಪರೀಕ್ಷೆಯ ದಿನ ಬೆಳಿಗ್ಗೆ ಕರೆಂಟಿರಲಿಲ್ಲ. ಸೆಕೆಗೆ ಮಕ್ಕಳ ಮುಖ ಬೆವರಿಳಿಯುತ್ತಿತ್ತು. ಮೇಲ್ವಿಚಾರಣೆಗೆ ಬಂದವಳು ಶಿಕ್ಷಕ ತರಬೇತಿ ಓದುತ್ತಿದ್ದ ಹುಡುಗಿ, ಬೇರೆ ತಾಲೂಕಿನವಳು, ಎಲ್ಲವನ್ನೂ ನಿಯಮದ ಪ್ರಕಾರವೇ ಮಾಡುವ ಉತ್ಸಾಹ. ಕವರ್ ಒಡೆದು, ಹದಿನೈದು ಮಕ್ಕಳನ್ನು ದೂರ ದೂರ ಕೂರಿಸಿ, ಹಾಳೆ ಎಣಿಸುತ್ತಿದ್ದಳು. ನಾನು ಜಗಲಿಯಲ್ಲಿದ್ದೆ. ಹೆಡ್‌ಮಾಸ್ಟ್ರು ಗಂಟೆಯ ಹತ್ತಿರ ನಿಂತಿದ್ದರು. ಶುರುವಾಗಲು ಇನ್ನು ಏಳು ನಿಮಿಷ.

ಆಗ ಗೇಟು ಕಿರ್ ಎಂದಿತು. ತಾಯಿ ಮಗಳ ಕೈಹಿಡಿದು ಓಡುನಡಿಗೆಯಲ್ಲಿ ಬರುತ್ತಿದ್ದಳು. ಮಗಳು ತಲೆ ಬಾಚಿ, ಯೂನಿಫಾರ್ಮ್ ಹಾಕಿ, ಕೈಯಲ್ಲಿ ಎರಡು ನೀಲಿ ಪೆನ್ನು ಹಿಡಿದಿದ್ದಳು. ಎಡಮೊಣಕೈಯ ಒಳಗೆ ರಕ್ತ ತೆಗೆದಲ್ಲಿ ಹತ್ತಿಯಿಟ್ಟು ಅಂಟಿಸಿದ ಪಟ್ಟಿ ಇತ್ತು.

"ಡೆಂಗಿ ಅಲ್ಲಂತ್ರೀ ಟೀಚರ್" ಎಂದು ತಾಯಿ ದೂರದಿಂದಲೇ ಹೇಳಿದಳು. ಏದುಸಿರು, ಮುಖದಲ್ಲಿ ನಗು. "ನಿನ್ನಿ ಸಂಜಿಗೆ ದವಾಖಾನಿಗೆ ಕರಕೊಂಡು ಹೋದ್ನಿ. ರಕ್ತ ತಗದು ನೋಡಿದ್ರು. ಈಗ ಮುಂಜಾನೆ ಚೀಟಿ ಕೊಟ್ರು. ಏನೂ ಇಲ್ಲಂತ್ರೀ, ಮೈ ತಣ್ಣಗೈತಂತ. ನೀವು ನೋಡಿ ಹೇಳಿದ್ದಕ್ಕ ಜಲ್ದಿ ತೋರಸಿದ್ವಿ. ನಿಮ್ಮ ಉಪಕಾರ ಆತ್ರೀ." ಹೀಗೆಂದು ಆ ಚೀಟಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಓದುವವಳ ಹಾಗೆ ಹಿಡಿದುಕೊಂಡೆ. ಒಂದಕ್ಷರವೂ ಕಣ್ಣಿಗೆ ಹತ್ತಲಿಲ್ಲ.

ಹೆಡ್‌ಮಾಸ್ಟ್ರು ಹತ್ತಿರ ಬಂದು, ನನಗೊಬ್ಬಳಿಗೇ ಕೇಳುವ ಹಾಗೆ, "ಜ್ವರ ಉಂಡುಂದು ಪನ್ಲೆ" ಎಂದರು. ಜ್ವರ ಇದೆ ಎಂದೇ ಹೇಳಿ. ಹೇಳಿದವರು ನನ್ನ ಮುಖ ನೋಡಲಿಲ್ಲ, ಗಂಟೆಯ ಹಗ್ಗವನ್ನು ನೋಡುತ್ತಿದ್ದರು. ಒಳಗಿನಿಂದ ಮೇಲ್ವಿಚಾರಕಿ, "ಇನ್ನೊಂದು ಮಗು ಬಂತಾ ಮೇಡಂ? ಪೇಪರ್ ಉಂಟು, ಕೊಡ್ಬಹುದು" ಎಂದಳು. ಒಂದು ಹೂಂ ಎಂದಿದ್ದರೆ ಸಾಕಿತ್ತು. ಆ ಒಂದು ಹೂಂ ನನ್ನ ಬಾಯಿಂದ ಹೊರಡಲಿಲ್ಲ.

"ಡೆಂಗಿ ಮೊದಲನೇ ದಿನ ರಕ್ತದಲ್ಲಿ ಗೊತ್ತಾಗುವುದಿಲ್ಲ ಅಮ್ಮ" ಎಂದೆ. "ಎರಡು ದಿನ ಬಿಟ್ಟು ಗೊತ್ತಾಗ್ತದೆ. ಇವತ್ತು ಮಲಗ್ಲಿ. ಕರ್ಕೊಂಡು ಹೋಗಿ."

ಇಷ್ಟು ವರ್ಷದಲ್ಲಿ ನಾನು ಆಡಿದ ಎಷ್ಟೋ ಸುಳ್ಳುಗಳು ಮರೆತುಹೋಗಿವೆ. ಇದು ಶಬ್ದ ಶಬ್ದವೂ ನೆನಪಿದೆ. ತಾಯಿಯ ಮುಖದ ನಗು ಇಳಿದುಹೋಯಿತು. ಡಾಕ್ಟರ ಚೀಟಿ ನನ್ನ ಕೈಯಲ್ಲೇ ಇತ್ತು, ಆದರೂ ಆಕೆ ನನ್ನ ಮಾತನ್ನೇ ನಂಬಿದಳು, ಏಕೆಂದರೆ ನಾನು ಟೀಚರ್. ಮಗಳು ಮಾತ್ರ "ಪರೀಕ್ಷಿ ಐತಲ್ರೀ ಟೀಚರ್" ಎಂದಳು. ಮುಂದಿನ ಸಲ ಬರಿ ಎಂದೆ. ಅವಳು ಎರಡು ಪೆನ್ನನ್ನೂ ನನ್ನ ಕಡೆ ಚಾಚಿದಳು. "ಯಾರದ್ದರ ಪೆನ್ನು ಬರೀಲಿಲ್ಲಂದ್ರ ಕೊಡ್ರಿ." ನಾನು ತೆಗೆದುಕೊಂಡೆ. ಅವರು ಗೇಟು ದಾಟುವ ಮೊದಲೇ ಹೆಡ್‌ಮಾಸ್ಟ್ರು ಗಂಟೆ ಬಾರಿಸಿದರು. ಒಳಗಿನ ಹುಡುಗಿ ಕಾರಣವೇನು ಎಂದು ಕೇಳಿದಳು. "ಜ್ವರ" ಎಂದೆ. ಅವಳು ತನ್ನ ಫಾರಂನಲ್ಲಿ ಹಾಗೇ ಬರೆದುಕೊಂಡಳು.

ಆ ಮಗು ಮತ್ತೆ ಶಾಲೆಗೆ ಬಂದದ್ದು ಐದು ದಿನಗಳ ಮೇಲೆ. ನಾನು ಹೇಳಿದಂತೆಯೇ ಎರಡು ದಿನ ಬಿಟ್ಟು ಮತ್ತೊಮ್ಮೆ ರಕ್ತ ತೆಗೆಸಿದ್ದರು. ತಾಯಿ ಕೆಲಸಕ್ಕೆ ಹೋಗದೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳಂತೆ, ಜ್ವರವೇ ಇಲ್ಲದ ಹಣೆಗೆ. ಎರಡನೆಯ ಮನೆಯವರು ಕಾದು ನೋಡಿ ಬೇರೆಯವಳನ್ನು ಇಟ್ಟುಕೊಂಡರು. ಇದನ್ನೆಲ್ಲ ಮಗಳು ದೂರಾಗಿ ಹೇಳಲಿಲ್ಲ. ರಜೆ ಯಾಕೆ ಹಾಕಿದೆ ಎಂದು ಪಕ್ಕದವಳು ಕೇಳಿದ್ದಕ್ಕೆ ಹೇಳುತ್ತಿದ್ದಳು, ನಾನು ಹಾಜರಿ ಪುಸ್ತಕದಿಂದ ತಲೆಯೆತ್ತದೆ ಕೇಳಿಸಿಕೊಂಡೆ. ನಾಚಿಕೆಯಾಯಿತು. ಎದ್ದು ಹೋಗಿ ಆ ತಾಯಿಗೆ ನಿಜ ಹೇಳಬೇಕು ಎನಿಸಿತು. ಈ ವಾರ, ಮುಂದಿನ ವಾರ ಎನ್ನುತ್ತ ದಸರಾ ರಜೆ ಬಂತು, ಹೋಗಲಿಲ್ಲ.

ಫಲಿತಾಂಶದಲ್ಲಿ ನಮ್ಮ ಶಾಲೆ ಮೇಲಿನಿಂದ ಮೂರನೆಯದು. ಅದೇ ಸಭಾಂಗಣ, ಅದೇ ಪರದೆ, ಈ ಸಲ ಹಸಿರು. ಅದೇ ಅಧಿಕಾರಿ "ಟೀಚರ್, ಎದ್ದು ನಿಲ್ಲಿ, ಎಲ್ಲರೂ ನೋಡ್ಲಿ" ಎಂದರು. ಚಪ್ಪಾಳೆ ಬಿತ್ತು. ನಿಮ್ಮ ಯಶಸ್ಸಿನ ಗುಟ್ಟೇನು, ಎರಡು ಮಾತು ಹೇಳಿ ಎಂದು ಮೈಕು ಕೊಟ್ಟರು. "ದಿನಾ ಅಭ್ಯಾಸ" ಎಂದೆ. ಹಿಂದಿನ ಸಾಲಿನಿಂದ ಯಾರೋ "ಎಷ್ಟು ಜನರಿಗೆ ಜ್ವರ?" ಎಂದರು, ನಾಲ್ಕು ಜನ ನಕ್ಕರು. ಒಂದು ಕಾಲದ ನನ್ನದೇ ಮಾತು ತಿರುಗಿ ನನಗೇ ಬಂದಿತ್ತು. ಮೈಕನ್ನು ಪಕ್ಕದವರ ಕೈಗೆ ಕೊಟ್ಟು ಕುಳಿತೆ.

ಹೆಡ್‌ಮಾಸ್ಟ್ರು ಸಂತೋಷಪಟ್ಟು ಶಾಲೆಗೆಲ್ಲ ಲಾಡು ಹಂಚಿದರು. ಪರೀಕ್ಷೆ ಬರೆದ ಹದಿನೈದು ಮಕ್ಕಳ ಫೋಟೋ ತೆಗೆಸಿ ಜಗಲಿಯಲ್ಲಿ ಹಾಕಿದರು. ಲಾಡಿಗೆ ಅವಳ ಸರದಿ ಬಂದಾಗ "ನಾ ಬರದಿಲ್ಲಲ್ರೀ ಸರ್" ಎಂದಳು. "ಎಲ್ಲರಿಗೂ ಉಂಟು, ತೆಗೊ ಮಗಾ" ಎಂದು ಅವರು ಕೈಗೆ ಹಾಕಿದರು. ಅವಳ ಹಿಂದೆಯೇ ನಿಂತಿದ್ದವಳು ಪಟ್ಟಿಯಲ್ಲಿದ್ದ ಇನ್ನೊಬ್ಬ ಹುಡುಗಿ, ಜ್ವರದಲ್ಲಿ ಅನುಭವ ಉಳ್ಳ ಮನೆಯವಳು. "ನಾವು ನಾಲ್ಕು ಜನ ಬರ್ಲಿಲ್ಲ ಅಲ್ವಾ, ಹಾಗಾಗಿಯೇ ನಮ್ಮ ಶಾಲೆ ಮೇಲೆ ಬಂದದ್ದು" ಎಂದು ಅವಳು ಬಹಳ ಹೆಮ್ಮೆಯಿಂದ ಹೇಳಿದಳು. ಇವಳು ಲಾಡನ್ನು ಕೈಯಲ್ಲೇ ಹಿಡಿದುಕೊಂಡು ಅವಳ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. ನಾನು ಸಾಲು ಸರಿಮಾಡುವ ನೆಪದಲ್ಲಿ ಅತ್ತ ಹೋದೆ.

ಫೆಬ್ರವರಿಯಲ್ಲಿ ಎರಡನೆಯ ಪರೀಕ್ಷೆ. ಈ ಸಲ ಮೇಲಿನ ಮೂರು ಶಾಲೆಗಳನ್ನು ಜಿಲ್ಲಾಮಟ್ಟದಲ್ಲಿ ನೋಡುತ್ತಾರಂತೆ ಎಂಬ ಸುದ್ದಿ ಬಂತು. ಹೆಡ್‌ಮಾಸ್ಟ್ರು ಎರಡು ಸಲ ಬಾಗಿಲ ತನಕ ಬಂದು, ಏನೋ ಕೇಳಲು ಹೊರಟು, ಸೆಕೆಯ ವಿಷಯ ಮಾತಾಡಿ ಹೋದರು. ಅವರಿಗೆ ಒಳ್ಳೆಯ ಹೆಸರಿನಿಂದ ಹೊರಡುವ ಆಸೆ ಇತ್ತು, ಅದು ತಪ್ಪು ಎಂದು ನಾನು ಹೇಗೆ ಹೇಳಲಿ? ಅಷ್ಟು ತಿಂಗಳಲ್ಲಿ ಅವಳ ವೇಗ ಹದಿನಾಲ್ಕರಿಂದ ಇಪ್ಪತ್ತೊಂದಕ್ಕೆ ಬಂದಿತ್ತು. ಅಷ್ಟು ಸಾಲದು. ಹಿಂದಿನ ದಿನ ಸಂಜೆಯ ತನಕ ಡಬ್ಬಿಯಲ್ಲಿ ಒಂದು ಖಾಲಿ ಚೀಟಿ ಇತ್ತು. ಬರೆದಿರಲಿಲ್ಲ, ಹರಿದು ಹಾಕಿಯೂ ಇರಲಿಲ್ಲ.

ಲಾಂಗ್ ಬೆಲ್ ಆಗಿ ಮಕ್ಕಳೆಲ್ಲ ಹೊರಟ ಮೇಲೆ ಅವಳು ಚೀಲ ಬೆನ್ನಿಗೇರಿಸಿ ನನ್ನ ಮೇಜಿನ ಹತ್ತಿರ ಬಂದಳು.

"ಟೀಚರ್, ನಾಳೆ ನನಗ ಜ್ವರ ಬರ್ತೈತ್ರೀ."

ಅವಳು ಬಹಳ ಯೋಚಿಸಿ ಬಂದವಳ ಹಾಗೆ, ಒಂದೊಂದೇ ಮಾತನ್ನು ಖಾತ್ರಿ ಮಾಡಿಕೊಂಡು ಹೇಳಿದಳು. "ಎಷ್ಟು ದಿನ ಬರಬೇಕ್ರೀ? ಹೋದ ಸಲ ಐದು ದಿನ ಆತು. ಅವ್ವ ಕೆಲಸಕ್ಕ ಹೋಗಲಿಲ್ಲ. ಈ ಸಲ ಒಂದು ದಿನ ಸಾಕೇನ್ರೀ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ನನಗೆ ಸಹಾಯ ಮಾಡಲು ಬಂದಿದ್ದಳು. ನನಗೆ ಅಳು ಬಂತು. ಅದನ್ನು ಮುಚ್ಚಲು ಎಂದಿನಂತೆ ಕೋಪವನ್ನೇ ಮುಂದೆ ಮಾಡಿ, "ಎಂತ ಜ್ವರ? ಯಾರು ಹೇಳಿದ್ದು ನಿನಗೆ? ನಾಳೆ ನೀನು ಬರ್ಬೇಕು. ಬಂದು ಬರೀಬೇಕು" ಎಂದು ಗದರಿದೆ.

"ನಂದು ಮುಗಿಯಂಗಿಲ್ಲಲ್ರೀ" ಎಂದಳು. "ಮತ್ತ ನಿಮ್ಮನ್ನ ನಿಲ್ಲಸ್ತಾರ."

ಜುಲೈಯಲ್ಲಿ ನಾನು ಸಿಟ್ಟಿನ ಭರದಲ್ಲಿ ಎಸೆದ ಮಾತನ್ನು ಅವಳು ಫೆಬ್ರವರಿಯ ತನಕ ಇಟ್ಟುಕೊಂಡಿದ್ದಳು. ಮೊದಲ ಸಲ ಅವಳನ್ನು ನಾನು ಹೊರಗೆ ಹಾಕಿದ್ದೆ. ಈ ಸಲ ಅವಳು ತಾನಾಗಿಯೇ ಹೊರಗೆ ಹೋಗಲು ಬಂದಿದ್ದಳು, ಎಷ್ಟು ದಿನ ಎಂದು ಕೇಳಿಕೊಂಡು.

"ನಿಲ್ಲಿಸ್ಲಿ" ಎಂದೆ. "ನನ್ನ ಕಾಲು ಗಟ್ಟಿ ಉಂಟು. ನೀನು ಎಷ್ಟಾಗ್ತದೋ ಅಷ್ಟು ಮಾಡು. ಬೆರಳಿಟ್ಟೇ ಓದು." ಡಬ್ಬಿ ತೆರೆದು ಖಾಲಿ ಚೀಟಿಯನ್ನು ಹರಿದೆ. ಅದರ ಕೆಳಗೆ ಸೆಪ್ಟೆಂಬರಿನಿಂದ ಬಿದ್ದಿದ್ದ ಅವಳ ಎರಡು ನೀಲಿ ಪೆನ್ನುಗಳನ್ನು ತೆಗೆದು ಕೊಟ್ಟೆ. ಅವಳು ಒಂದನ್ನು ಅಂಗೈ ಮೇಲೆ ಗೀಚಿ ನೋಡಿದಳು, ಬರೆಯಿತು. ಇನ್ನೊಂದನ್ನೂ ಗೀಚಿ ನೋಡಿದಳು.

"ಹಂಗಾದ್ರ ಅವ್ವಗ ಹೇಳ್ಲೇನ್ರೀ, ನಾಳೆ ಜ್ವರ ಇಲ್ಲ ಅಂತ? ನಾ ಮುಂಜಾನೆನೇ ಹೇಳೀನಿ, ಬರ್ತೈತಿ ಅಂತ."

"ನೀನು ಹೇಳ್ಬೇಡ. ನಾನೇ ಹೇಳ್ತೇನೆ, ಬಾ" ಎಂದೆ. ಹೋದ ಸಲದ ಜ್ವರದ ಬಗ್ಗೆಯೂ ಹೇಳಬೇಕಿತ್ತು. ಹೇಗೆ ಶುರು ಮಾಡುವುದು ಎಂದು ಜಗಲಿ ಇಳಿಯುವಾಗ, ಅಂಗಳ ದಾಟುವಾಗ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋದೆ. ಅವಳು ನನ್ನ ಪಕ್ಕದಲ್ಲಿ ಪೆನ್ನು ಹಿಡಿದು ನಡೆಯುತ್ತಿದ್ದಳು. ತಾಯಿ ಗೇಟಿನ ಹೊರಗೆ ಕಾಯುತ್ತಿದ್ದಳು. ಟೀಚರೇ ಮಗಳನ್ನು ಕರೆದುಕೊಂಡು ಬರುತ್ತಿರುವುದನ್ನು ಕಂಡು ಓಡಿ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಆಕೆಯ ಕೈ ಮಗಳ ಹಣೆಯ ಮೇಲಿತ್ತು.